ತಾರೆ ಮರಕ್ಕೆ ಗೊತ್ತಿಲ್ಲದ ಕಾಯಿಲೆ

ನಮ್ಮ ಬಣಕಲ್ ಕಡೆ ಯಾರದ್ದಾದರೂ ಮುಖ ಒಂದು ಬೆಳಿಗ್ಗೆ ಕೆಂಪಾಗಿ ಊದಿಕೊಂಡಿದ್ದರೆ ಯಾರೂ ಡಾಕ್ಟರನ್ನು ಹುಡುಕಿಕೊಂಡು ಓಡುವುದಿಲ್ಲ. ನಿನ್ನೆ ಯಾವ ಮರದ ಬುಡದಲ್ಲಿ ಕೂತಿದ್ದೆ ಎಂದು ಕೇಳುತ್ತಾರೆ. ತೋಟದಂಚಿನ ಕಾಡಿನಲ್ಲಿ ಚೇರು ಎಂಬ ಮರವಿದೆ. ಅದರ ಸೊನೆ ತಾಗಿದರೆ ಮೈಮೇಲೆ ಬೊಬ್ಬೆ ಏಳುತ್ತದೆ. ಕೆಲವರಿಗೆ ಅದರಡಿ ಹಾದುಹೋದರೂ ಸಾಕು. ಅದಕ್ಕೆ ಮದ್ದೂ ಒಂದು ಮರವೇ. ತಾರೆ ಮರಕ್ಕೆ ಮೂರು ಸುತ್ತು ಬಂದು, ಕಾಂಡವನ್ನೊಮ್ಮೆ ತಬ್ಬಿ, ಹಿಂದಿರುಗಿ ನೋಡದೆ ಮನೆಗೆ ಬರಬೇಕು. ತಾರೆ ಚೇರಿನ ಅಣ್ಣನಂತೆ. ತಮ್ಮ ಮಾಡಿದ ಕಿತಾಪತಿಯನ್ನು ಅಣ್ಣ ಸರಿಮಾಡುತ್ತಾನಂತೆ. ನಾನು ಬಿ.ಎಸ್ಸಿ. ಓದಿದವಳು. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕೇಳಿ ಸೆರಗು ಅಡ್ಡ ಹಿಡಿದು ನಕ್ಕಿದ್ದೆ. ಆಮೇಲೆ ನಾನೂ ಸುತ್ತಿದೆ.

ಲೂಪಸ್ ಎಂಬ ಹೆಸರನ್ನು ಈಗಷ್ಟೇ ಕೇಳಿ, ಆಸ್ಪತ್ರೆಯ ಚೀಟಿ ಮಡಚಿ ಪರ್ಸಿಗೆ ಹಾಕಿ, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅಳು ನುಂಗಿಕೊಂಡು ಕೂತಿರುವ ಯಾರಾದರೂ ಇದನ್ನು ಓದುತ್ತಿದ್ದರೆ, ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ನಾನೂ ಕೂತಿದ್ದೇನೆ ಎಂದುಕೊಳ್ಳಿ. ಸ್ವಲ್ಪ ಹೆಚ್ಚು ಮಾತಾಡುತ್ತೇನೆ, ಸಹಿಸಿಕೊಳ್ಳಿ.

ತೊಂಬತ್ತರ ದಶಕದ ನಡುವೆ ಇದು ಶುರುವಾದದ್ದು. ಮಗಳು ಚೈತ್ರ ಆಗಿನ್ನೂ ಅಂಬೆಗಾಲಿಡುತ್ತಿದ್ದಳು. ಕಾಯಿಲೆ ಮೊದಲು ನನ್ನ ಬೆರಳಿಗೆ ಬಂತು. ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟಲು ಕೂತರೆ ಕೈ ಮಡಚುತ್ತಿರಲಿಲ್ಲ. ಬಾಣಂತನದಲ್ಲಿ ತಣ್ಣೀರು ಮುಟ್ಟಿದ್ದಕ್ಕೆ ಎಂದರು. ಸಂಜೆಸಂಜೆ ಜ್ವರ ಬಂತು, ದೃಷ್ಟಿ ಎಂದರು. ಕೂದಲು ಉದುರಿತು, ಮಗು ತಾಯಿಯ ಮುಖ ನೋಡಿ ನಗಲು ಕಲಿತರೆ ಹಾಗೇ ಎಂದರು. ಒಂದೊಂದಕ್ಕೂ ಒಂದೊಂದು ಉತ್ತರ ಸಿದ್ಧವಾಗಿತ್ತು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದವರು ಮಾತ್ರ ಯಾರೂ ಇರಲಿಲ್ಲ. ನಾನೂ ನೋಡಲಿಲ್ಲ.

ಮುಂಗಾರಿಗೆ ಮೊದಲು ನಮ್ಮ ತೋಟಗಳಲ್ಲಿ ಮರಗಸಿ ನಡೆಯುತ್ತದೆ. ಕಾಫಿಗೆ ನೆರಳೂ ಬೇಕು, ಬೆಳಕೂ ಬೇಕು. ಹಾಗಾಗಿ ನೆರಳಿನ ಮರಗಳ ಕೊಂಬೆ ಸವರಿ ಆಕಾಶವನ್ನು ಅಷ್ಟಿಷ್ಟು ತೆರೆಯುತ್ತಾರೆ. ನನ್ನ ಗಂಡ ಜಗದೀಶ್ ಆ ವಾರ ಕೆಲಸದ ಮೇಲೆ ಮೂಡಿಗೆರೆಗೆ ಓಡಾಡುತ್ತಿದ್ದರು; ಆಳುಗಳ ಜೊತೆ ತೋಟದಲ್ಲಿ ನಿಂತವಳು ನಾನು. ಕೊಂಬೆ ಬಿದ್ದಂತೆಲ್ಲ ಬಿಸಿಲು ಮೇಲಿಂದ ಸುರಿಯಿತು. ಆಮೇಲೊಂದು ಬೆಳಿಗ್ಗೆ ಕನ್ನಡಿ ನೋಡಿದರೆ ಎರಡೂ ಕೆನ್ನೆ ಕೆಂಪು, ನಡುವೆ ಮೂಗಿನ ಮೇಲೆ ಸೇತುವೆ ಕಟ್ಟಿದ ಹಾಗೆ ಇನ್ನೊಂದು ಕೆಂಪು ಪಟ್ಟಿ.

ನಮ್ಮತ್ತೆ ಹೂವಮ್ಮ ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು.

‘ಚೇರು ಕಣೆ ಸರೋಜ. ಮರಗಸಿಯಲ್ಲಿ ಎಲ್ಲೋ ಸೊನೆ ಸಿಡಿದಿರ್ಬೇಕು. ಬಾ, ತಾರೆ ಮರಕ್ಕೆ ಸುತ್ತು ಹಾಕಿ ಬರನ.’

ಕಾಫಿ ಒಣಗಿಸುವ ಕಣದ ಕೆಳಗೆ, ಹಳ್ಳದ ದಂಡೆಯಲ್ಲಿ ನಮ್ಮ ತೋಟದ ತಾರೆ ಮರ ಇದೆ. ಅತ್ತೆ ಮುಂದೆ, ನಾನು ಹಿಂದೆ. ಮೂರು ಸುತ್ತು ಬಂದು ಕಾಂಡ ತಬ್ಬಿದೆ. ಅತ್ತೆ ಮರದ ಜೊತೆ ನೆಂಟರ ಮನೆಯ ಹಿರಿಯರೊಂದಿಗೆ ಮಾತಾಡುವಂತೆ ಮಾತಾಡಿದರು. ನಮ್ಮ ಸೊಸೆ, ಪೇಟೆ ಹುಡುಗಿ, ಗೊತ್ತಿಲ್ಲದೆ ಹೋಗಿದ್ದಾಳೆ, ನಿನ್ನ ತಮ್ಮನಿಗೆ ಸ್ವಲ್ಪ ಹೇಳು ಎಂದರು. ನಾನು ನಗಲಿಲ್ಲ. ಅಷ್ಟು ಅಕ್ಕರೆಯಿಂದ ನನ್ನ ಪರವಾಗಿ ಯಾರಾದರೂ ಬೇಡಿಕೊಳ್ಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ತಮಾಷೆ ನೋಡಿ, ಮುಖ ವಾಸಿಯಾಯಿತು! ಮಳೆಗಾಲ ಹಿಡಿಯಿತು, ಬಿಸಿಲು ಹೋಯಿತು, ಬಿಸಿಲಿನ ಜೊತೆ ಕೆನ್ನೆಯ ಕೆಂಪೂ ಹೋಯಿತು. ಕೀರ್ತಿ ಮಾತ್ರ ತಾರೆ ಮರಕ್ಕೆ ಹೋಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೆ. ನೋವು, ಜ್ವರ, ಸುಸ್ತು ಒಳಗೊಳಗೇ ಬೆಳೆಯುತ್ತಿದ್ದವು. ಆದರೆ ಮುಖ ಚೆನ್ನಾಗಿರುವ ಹೆಂಗಸಿಗೆ ಕಾಯಿಲೆ ಇದೆ ಎಂದರೆ ನಂಬುವವರು ಯಾರು?

ಕಾಫಿ ಕೊಯ್ಲಿನ ಕಾಲಕ್ಕೆ ಮತ್ತೆ ಕಣದ ಬಿಸಿಲಿಗೆ ನಿಂತೆ. ಈ ಸಲ ಕೆಂಪಿನ ಜೊತೆ ಪಾದವೂ ಊದಿತು. ಚಪ್ಪಲಿ ಏರಲಿಲ್ಲ. ಅತ್ತೆ ಮತ್ತೆ ಚೇರು ಎಂದರು, ಮತ್ತೆ ಸುತ್ತಿದೆವು. ಈ ಸಲ ಮರ ಏನೂ ಮಾಡಲಿಲ್ಲ. ಜಗದೀಶ್ ಯಾರನ್ನೂ ಕೇಳದೆ ನನ್ನನ್ನು ಮೂಡಿಗೆರೆಗೆ ಕರೆದೊಯ್ದರು. ಅಲ್ಲಿನ ಡಾಕ್ಟರು ನನ್ನ ಕಾಲನ್ನು ಒತ್ತಿ, ಬಿದ್ದ ಕುಳಿ ಮೇಲೇಳುವುದನ್ನೇ ಸ್ವಲ್ಪ ಹೊತ್ತು ನೋಡಿ, ಇವತ್ತೇ ಮಂಗಳೂರಿಗೆ ಹೊರಡಿ ಎಂದರು.

ಆ ಮೇಲಿನ ನನ್ನ ಅರ್ಧ ಆಯುಸ್ಸು ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನಲ್ಲಿ ಕಳೆದಿದೆ. ಬಿಸಿಲು ತಾಗಬಾರದು ಎಂದು ಗೊತ್ತಾದ ಮೇಲೆ ಜಗದೀಶ್ ಹೊಸದೊಂದು ವಿದ್ಯೆ ಕಲಿತರು. ಬಸ್ಸು ಹೊರಡುವ ಹೊತ್ತು, ಸೂರ್ಯ ಇರುವ ದಿಕ್ಕು ಎಲ್ಲ ಲೆಕ್ಕ ಹಾಕಿ ನೆರಳಿನ ಬದಿಯ ಸೀಟು ಹಿಡಿಯುವುದು. ಕೊಟ್ಟಿಗೆಹಾರದವರೆಗೆ ಲೆಕ್ಕ ಸರಿಯಾಗೇ ಇರುತ್ತಿತ್ತು. ಘಾಟಿ ಶುರುವಾದರೆ ಒಂದೊಂದು ತಿರುವಿಗೂ ಸೂರ್ಯ ಬದಿ ಬದಲಿಸುತ್ತಿದ್ದ. ಇವರು ನನ್ನನ್ನು ಎಬ್ಬಿಸಿ ಆ ಕಡೆ ಕೂರಿಸುವುದು, ಮತ್ತೆ ಈ ಕಡೆ ಕೂರಿಸುವುದು. ಗಂಡ ಹೆಂಡತಿ ಜಗಳವಾಡಿಕೊಂಡಿದ್ದೇವೆ ಎಂದುಕೊಂಡು ಒಬ್ಬ ಅಜ್ಜಿ ನಮಗೆ ಬುದ್ಧಿ ಹೇಳಿದ್ದೂ ಉಂಟು.

ಮಂಗಳೂರಿನ ಆ ದೊಡ್ಡ ಆಸ್ಪತ್ರೆಯಲ್ಲಿ ಕಾಯುವುದೇ ಒಂದು ಕೆಲಸ. ಅಲ್ಲಿ ನನಗೆ ಸಿಕ್ಕಿದವರು ಬೆಳ್ತಂಗಡಿ ಕಡೆಯ, ಬೀಡಿ ಕಟ್ಟುವ ಹೆಂಗಸೊಬ್ಬರು. ಅವರ ಬೆರಳು ನನ್ನದಕ್ಕಿಂತ ಹೆಚ್ಚು ಸೊಟ್ಟಗಿದ್ದವು. ನಾನು ಕೈ ಹಿಸುಕಿಕೊಂಡು ಗೊಣಗುವುದನ್ನು ನೋಡಿ, ‘ಬೆರಳಿಗೆ ಬೈಬೇಡಿ ಅಕ್ಕ, ಅದು ಕೇಳಿಸ್ಕೊಳ್ತದೆ’ ಎಂದರು. ಕಾಫಿ ಲೋಟವನ್ನು ಬೆರಳಿನಿಂದಲ್ಲ, ಎರಡು ಅಂಗೈ ನಡುವೆ ಇಟ್ಟುಕೊಂಡು ಕುಡಿಯುವುದನ್ನು ಕಲಿಸಿದರು. ಆ ಬಿಸಿ ಅಂಗೈಗೆ ಎಷ್ಟು ಹಿತ! ಈಗಲೂ ನಾನು ಹಾಗೇ ಕುಡಿಯುವುದು.

ಕಾಯಿಲೆಯ ಹೆಸರು ಹೇಳಿದವರು ಅಲ್ಲಿನ ಡಾಕ್ಟರ್ ಮೇಡಂ. ಲೂಪಸ್ ಎಂದರೆ ಯಾವುದೋ ಹಳೆಯ ಭಾಷೆಯಲ್ಲಿ ತೋಳ ಎಂದರು. ನಮ್ಮನ್ನು ಕಾಯಬೇಕಾದ ರಕ್ತದ ಕಣಗಳೇ ನಮ್ಮ ಮೇಲೆ ಬೀಳುವ ಕಾಯಿಲೆಯಂತೆ. ಜಗದೀಶ್ ತಟ್ಟನೆ, ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತಲ್ಲ ಎಂದರು. ಮೇಡಂ ಪೆನ್ನು ಕೆಳಗಿಟ್ಟು ನಕ್ಕು, ಇಷ್ಟು ವರ್ಷ ಪಾಠ ಹೇಳಿದರೂ ಇದು ನನಗೆ ಹೊಳೆದಿರಲಿಲ್ಲ ಮಾರಾಯ್ರೆ ಎಂದರು. ಆಮೇಲೆ ನಗು ನಿಲ್ಲಿಸಿ ಕಿಡ್ನಿಯ ವಿಷಯ ಹೇಳಿದರು. ಇನ್ನೊಂದು ಮಳೆಗಾಲ ಕಳೆದು ಬಂದಿದ್ದರೆ ಕಿಡ್ನಿ ಉಳಿಯುತ್ತಿರಲಿಲ್ಲ. ಈಗಲೂ ಹೋರಾಡಬೇಕು ಎಂದರು.

ನಮ್ಮ ಜೊತೆಗೇ ಬಂದು, ಗೋಡೆಗೆ ಒರಗಿ, ಚೈತ್ರಳನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದ ಅತ್ತೆಗೆ ಆ ಮಾತು ಕೇಳಿಸಿತು.

ಹೊರಗೆ ಬಂದ ಮೇಲೆ ಅವರು ಆಡಿದ್ದು ಒಂದೇ ಮಾತು. ‘ನಮ್ಮ ಕಾಡಲ್ಲಿ ಹುಲಿ ಅದೆ, ಕಾಟಿ ಅದೆ. ತೋಳನ ನಾನು ಕಂಡೇ ಇಲ್ಲ. ಕಂಡಿದ್ರೆ ಗುರುತು ಹಿಡೀತಿದ್ದೆ ಕಣೆ.’

ಆಮೇಲಿನ ವರ್ಷಗಳಲ್ಲಿ ಅತ್ತೆ ನಮ್ಮ ಮನೆಯೊಳಗೆ ಚೇರು ಎಂಬ ಶಬ್ದ ಎತ್ತಲಿಲ್ಲ. ಹಳ್ಳಕ್ಕೆ ಹೋಗುವ ದಾರಿ ತಾರೆ ಮರದ ಪಕ್ಕದಲ್ಲೇ ಹಾದುಹೋಗುತ್ತದೆ. ಅವರು ಅದನ್ನು ಬಿಟ್ಟು ಮೇಲಿನ ದಾರಿ ಹಿಡಿದು ಸುತ್ತಿಕೊಂಡು ಹೋಗತೊಡಗಿದರು. ನಾನು ಗಮನಿಸಿದ್ದೆ. ಆದರೆ ಅವರನ್ನು ಕೂರಿಸಿಕೊಂಡು ಸಮಾಧಾನ ಹೇಳುವಷ್ಟು ಜೀವ ಆಗ ನನ್ನಲ್ಲಿರಲಿಲ್ಲ.

ಮಾತ್ರೆ, ಡ್ರಿಪ್ಪು, ಮತ್ತೆ ಮಾತ್ರೆ. ಸ್ಟೆರಾಯ್ಡ್ ತಿಂದು ಮುಖ ಹಬ್ಬದ ಕಡುಬಿನ ಹಾಗೆ ಉಬ್ಬಿತು. ನಾನು ಸಾಯುವುದೋ ಬದುಕುವುದೋ ಎಂದಿದ್ದಾಗ ಮದುವೆ ಮನೆಗಳಲ್ಲಿ ಸಿಕ್ಕವರೆಲ್ಲ ಈಗ ಮೈಕೈ ತುಂಬಿಕೊಂಡು ಚೆನ್ನಾಗಾಗಿದ್ದೀಯ, ಅತ್ತೆ ಮನೆ ಹಿಡಿಸಿದೆ ಎನ್ನುತ್ತಿದ್ದರು. ಅತ್ತೆ ನನ್ನ ತಟ್ಟೆಯ ಉಪ್ಪು ಬೇರೆ ಮಾಡಿದರು, ಆಮೇಲೆ ಮನೆಮಂದಿಗೆಲ್ಲ ಅದೇ ಸಪ್ಪೆ ಸಾರು ಮಾಡಿದರು. ನನ್ನೊಬ್ಬಳಿಗೇ ಸಪ್ಪೆಯಾದರೆ ಬೇಜಾರಾಗುತ್ತದೆ ಎಂದು. ಜಗದೀಶ್ ಗುಟ್ಟಾಗಿ ಉಪ್ಪಿನಕಾಯಿ ನೆಕ್ಕುವುದು ನನಗೂ ಅತ್ತೆಗೂ ಗೊತ್ತಿತ್ತು.

ಡಿಸೆಂಬರಿನಲ್ಲಿ ಕೊಡೆ ಹಿಡಿದು ಹೊರಡುವ ಹೆಂಗಸು ಬಣಕಲ್ಲಿನಲ್ಲಿ ನಾನೊಬ್ಬಳೇ. ನಮ್ಮಲ್ಲಿ ಕೊಡೆ ಇರುವುದು ಮಳೆಗೆ. ಬಸ್ಸಿಗೆ ಕಾಯುವವರು ಒಮ್ಮೆ ನನ್ನ ಕೊಡೆ ನೋಡುತ್ತಿದ್ದರು, ಒಮ್ಮೆ ಆಕಾಶ ನೋಡುತ್ತಿದ್ದರು. ಜಗದೀಶ್ ಮಾತ್ರ, ನೀನು ಅರೇಬಿಕಾ ಕಾಫಿ ಜಾತಿ, ನೆರಳಿಲ್ಲದೆ ಬರುವುದಿಲ್ಲ, ರೋಬಸ್ಟಾ ಕಟ್ಟಿಕೊಂಡಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ ಎಂದು ರೇಗಿಸುತ್ತಿದ್ದರು. ಆದರೆ ಮುಂದಿನ ಮರಗಸಿ ಬಂದಾಗ ಮೇಸ್ತ್ರಿಗೆ ಒಂದು ಮಾತು ಹೇಳಿದರು. ಮನೆಯಿಂದ ಕಣದವರೆಗಿನ ದಾರಿಯ ಮರಗಳಿಗೆ ಕತ್ತಿ ಹಾಕಬಾರದು. ನೆರಳು ಹೆಚ್ಚಾದರೆ ಕಾಫಿಗೆ ಕೊಳೆರೋಗ ಬರುತ್ತದೆ, ಬಂತು ಕೂಡ. ಆ ದಾರಿಯ ಎರಡು ಬದಿಯ ಗಿಡಗಳಲ್ಲಿ ಇವತ್ತಿಗೂ ಸರಿಯಾದ ಫಸಲಿಲ್ಲ. ಇವರು ಒಂದು ಕೊಂಬೆಯನ್ನೂ ತೆಗೆಸಿಲ್ಲ. ಪ್ರೀತಿ ಎನ್ನುವ ಪದವನ್ನು ನನ್ನ ಗಂಡ ಯಾವತ್ತೂ ಬಾಯಿಬಿಟ್ಟು ಆಡಿದವರಲ್ಲ. ನನಗೆ ಅದರ ಕೊರತೆಯೂ ಕಂಡಿಲ್ಲ.

ಕಿಡ್ನಿ ಉಳಿಯಿತು. ಕೂದಲು ಮತ್ತೆ ಹುಟ್ಟಿತು. ಹೊಸ ಶತಮಾನ ಬರುವಷ್ಟರಲ್ಲಿ ನಾನೂ ನನ್ನ ತೋಳವೂ ಒಂದೇ ಮನೆಯಲ್ಲಿ ಬಾಳುವುದನ್ನು ಕಲಿತಿದ್ದೆವು. ಆಗ ಬಂತು ನೋಡಿ ಇನ್ನೊಂದು ಭಯ. ಒಂದು ನಾಮಕರಣದಲ್ಲಿ ದೂರದ ನೆಂಟರೊಬ್ಬರು ಚೈತ್ರಳ ತಲೆ ಸವರಿ, ಈ ಕಾಯಿಲೆ ರಕ್ತದಲ್ಲೇ ಬರುವುದಂತಲ್ಲ, ಅದೂ ಹೆಂಗಸರಿಗೇ ಹೆಚ್ಚಂತೆ, ಇದೂ ಹೆಣ್ಣುಮಗು ಎಂದು ಹೇಳಿ ಪಾಯಸಕ್ಕೆ ಕೈಹಾಕಿದರು. ಅವರು ಮರೆತರು. ನಾನು ಮರೆಯಲಿಲ್ಲ. ನನಗೆ ಬಂದದ್ದನ್ನು ನುಂಗಿಕೊಂಡಿದ್ದೆ. ಅದು ನನ್ನಿಂದ ಅವಳಿಗೆ ಹೋದರೆ?

ಅವತ್ತಿನಿಂದ ಪ್ರತಿ ಬೆಳಿಗ್ಗೆ ನಾನು ಮಾಡುತ್ತಿದ್ದ ಮೊದಲ ಕೆಲಸ ಚೈತ್ರಳ ಕೆನ್ನೆ ನೋಡುವುದು. ಜಡೆ ಹಾಕುವ ನೆಪದಲ್ಲಿ ಮುಖ ಬೆಳಕಿಗೆ ತಿರುಗಿಸುತ್ತಿದ್ದೆ. ಅವಳ ತಲೆಗೆ ಅಗಲ ಅಂಚಿನ ಬಟ್ಟೆ ಟೋಪಿ ಬಂತು. ಶಾಲೆಯ ಆಟದ ಬಯಲು ತಪ್ಪಿತು. ಸಂಗಡಿಗರು ಕಾಡಿಗೆ ಕೌಳಿ ಹಣ್ಣಿಗೆ ಹೋದರೆ ಅವಳು ಜಗಲಿಯಲ್ಲಿ. ಬೆರಳು ನೋಯುತ್ತದೆ ಎಂದು ಅವಳು ಒಮ್ಮೆ ಹೇಳಿದಾಗ ಹತ್ತೂ ಬೆರಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಬರೆದು ಬರೆದು ನೋವು ಬಂದಿತ್ತು, ಪರೀಕ್ಷೆ ಹತ್ತಿರವಿತ್ತು.

ಆ ವರ್ಷಗಳಲ್ಲೇ ಒಂದು ಸಲ ಡಾಕ್ಟರ್ ಮೇಡಂ ನನ್ನನ್ನು ಗಿರಿಜಾ ಎಂಬ ಹುಡುಗಿಗೆ ಪರಿಚಯಿಸಿದರು. ಧಾರವಾಡ ಕಡೆಯವಳು, ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಹೇಗೂ ಪರೀಕ್ಷೆಗೆ ರಕ್ತ ಕೊಡುತ್ತೀರಲ್ಲ, ಅದರಲ್ಲಿ ಒಂದು ಟ್ಯೂಬು ಹೆಚ್ಚು ಕೊಡುತ್ತೀರಾ ಎಂದು ಕೇಳಿದಳು. ನಾನು ಎರಡು ತಗೊ ಎಂದೆ. ಆಮೇಲೆ ಅವಳು ಮಡಿಲ ಮೇಲೆ ಕಂಪ್ಯೂಟರ್ ಬಿಚ್ಚಿ ತನ್ನ ಕೆಲಸ ತೋರಿಸಿದಳು. ಪರದೆ ತುಂಬ ಚುಕ್ಕಿ, ಚುಕ್ಕಿಯಿಂದ ಚುಕ್ಕಿಗೆ ಗೆರೆ. ನೋಡಿದರೆ ಬೆಳಗಿನ ಇಬ್ಬನಿಯಲ್ಲಿ ಕಾಫಿ ಗಿಡದ ಮೇಲಿನ ಜೇಡರ ಬಲೆ. ಸಿಸ್ಟಮ್ಸ್ ಬಯಾಲಜಿ ಎಂದಳು. ನಾನು ಓದುವಾಗ ಅಂಥದ್ದೊಂದು ಇರಲಿಲ್ಲ.

‘ಇಷ್ಟ ದಿವಸ ಒಂದೊಂದ ಜೀನ್ ಹಿಡದು ಇದ ಕಳ್ಳ, ಇದ ಕಳ್ಳ ಅಂತಿದ್ವಿ’ ಎಂದಳು. ‘ಈಗ ಎಲ್ಲಾನೂ ಕೂಡಿಸಿ ನೋಡಾಕತ್ತೇವಿ. ಯಾರು ಎದ್ದರ ಯಾರು ಏಳ್ತಾರ, ಯಾರು ಯಾರನ್ನ ಸುಮ್ನ ಕೂಡಿಸ್ತಾರ. ಕಳ್ಳ ಒಬ್ಬನ ಇಲ್ರೀ ಅಕ್ಕಾರ.’

ಒಂದು ಮೂಲೆಯಲ್ಲಿ ಕೆಂಪು ಚುಕ್ಕಿಗಳ ಗುಂಪಿತ್ತು. ಅವು ವೈರಸ್ ಬಂದಾಗ ಎದ್ದು ಕೂಗುವ ಜೀನುಗಳಂತೆ. ಲೂಪಸ್ ಇರುವ ಹಲವರಲ್ಲಿ ಯಾವ ವೈರಸ್ಸೂ ಇಲ್ಲದೆ ಎಲ್ಲವೂ ಒಟ್ಟಿಗೆ ಎದ್ದಿರುತ್ತವಂತೆ. ಹಾಗಾದರೆ ಅವುಗಳನ್ನು ಎಬ್ಬಿಸಿದವರು ಯಾರು ಎಂದೆ. ಬಿಸಿಲು ಇರಬಹುದು, ಯಾವುದೋ ಹಳೆಯ ಸೋಂಕು ಇರಬಹುದು, ಹೆರಿಗೆಯಲ್ಲಿ ಮೈಯಲ್ಲಾದ ಬದಲಾವಣೆ ಇರಬಹುದು, ಹುಟ್ಟಿನಿಂದ ಬಂದ ಹತ್ತಾರು ಸಣ್ಣ ಸಣ್ಣ ಒಲವುಗಳಿರಬಹುದು. ಎಲ್ಲ ಸೇರಿದಾಗಲೇ ಬಲೆ ಅಲುಗುವುದು, ಒಂದೇ ಎಳೆ ಹಿಡಿದು ಎಳೆದರೆ ಏನೂ ತಿಳಿಯದು ಎಂದಳು. ನನಗೆ ನಮ್ಮ ಮಾವನವರು ನೆನಪಾದರು. ಗಿಡ ಹಳದಿಯಾದರೆ ತೋಟದ ಲೆಕ್ಕ ಬರೆಯಲು ಹೊಸದಾಗಿ ಬಂದ ರೈಟರ್ ಗೊಬ್ಬರ ಹಾಕಿಸೋಣ ಎನ್ನುತ್ತಿದ್ದ. ಮಾವ ಗಿಡ ನೋಡುತ್ತಿರಲಿಲ್ಲ. ಮೇಲಿನ ನೆರಳು, ಕೆಳಗಿನ ಬಸಿಗಾಲುವೆ, ಪಕ್ಕದ ಗಿಡ, ಹೋದ ವರ್ಷದ ಮಳೆ ಇಷ್ಟನ್ನೂ ನೋಡಿ, ಒಂದು ಎಲೆ ಅಡಿಕೆ ಹಾಕಿಕೊಂಡು ಆಮೇಲೆ ಮಾತಾಡುತ್ತಿದ್ದರು. ಇದನ್ನು ಹೇಳಿದಾಗ ಗಿರಿಜಾ ಕಂಪ್ಯೂಟರ್ ಮುಚ್ಚಿಬಿಟ್ಟು, ನಿಮ್ಮ ಮಾವನವರನ್ನ ನಮ್ಮ ಲ್ಯಾಬಿಗೆ ಕಳಿಸ್ರಿ ಎಂದಳು. ಅವರು ತೀರಿಕೊಂಡು ಬಹಳ ಕಾಲವಾಗಿತ್ತು.

ನಾನು ಕೇಳಬೇಕಾದ್ದು ಒಂದೇ ಇತ್ತು. ಕೇಳಿದೆ. ನನ್ನ ಮಗಳಿಗೆ ಬರುತ್ತದೋ ಇಲ್ಲವೋ?

ಗಿರಿಜಾ ಮುಚ್ಚಿದ ಕಂಪ್ಯೂಟರನ್ನು ಬದಿಗಿಟ್ಟಳು. ಬರುತ್ತದೆ ಎಂದು ಹೇಳುವವರೂ ಸುಳ್ಳು ಹೇಳುತ್ತಾರೆ, ಬರುವುದೇ ಇಲ್ಲ ಎಂದು ಹೇಳುವವರೂ ಸುಳ್ಳು ಹೇಳುತ್ತಾರೆ ಎಂದಳು. ತಾಯಿಗಿದ್ದರೆ ಮಗಳಿಗೆ ಉಳಿದವರಿಗಿಂತ ಸ್ವಲ್ಪ ಹೆಚ್ಚು ಸಾಧ್ಯತೆ. ಆದರೂ ಹೆಚ್ಚಿನವರಿಗೆ ಬರುವುದಿಲ್ಲ. ಸರದ ಹಾಗೆ ಬಿಚ್ಚಿ ಕೊರಳಿಗೆ ಹಾಕಿ ಕೊಡುವಂಥದ್ದಲ್ಲ ಇದು. ನನಗೆ ಸಿಟ್ಟು ಬಂತು. ಇಷ್ಟು ಚುಕ್ಕಿ, ಇಷ್ಟು ಗೆರೆ, ನನ್ನ ಒಂದು ಪ್ರಶ್ನೆಗೆ ಹೌದು ಅಲ್ಲ ಎನ್ನಲು ಇದರಿಂದ ಆಗುವುದಿಲ್ಲವೇ? ಮನೆಯವರ ರಕ್ತವೂ ಸಿಕ್ಕರೆ ಹೋಲಿಸಿ ನೋಡಬಹುದಿತ್ತು ಎಂದು ಅವಳು ಮೆಲ್ಲಗೆ ಹೇಳಿದಾಗ ನಾನು ಎದ್ದು ನಿಂತೆ. ನನ್ನ ಕೈಯಿಂದ ಎಷ್ಟು ಬೇಕಾದರೂ ತಗೊ, ಅವಳ ಕೈ ಮುಟ್ಟಬೇಡ ಎಂದೆ. ಗಿರಿಜಾ ಒತ್ತಾಯ ಮಾಡಲಿಲ್ಲ. ನನ್ನ ಕೊಡೆ ಮರೆತು ಹೋಗುತ್ತಿದ್ದೆ, ಹಿಂದೆಯೇ ಓಡಿಬಂದು ಕೈಗೆ ಕೊಟ್ಟಳು.

ಮುಂದಿನ ಬೇಸಿಗೆ. ಚೈತ್ರ ಏಳನೇ ಕ್ಲಾಸು ಮುಗಿಸಿದ್ದಳು. ರಜೆ. ಒಂದು ಬೆಳಿಗ್ಗೆ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಹೋಗಿ ಹೊದಿಕೆ ಸರಿಸಿದೆ. ಎರಡೂ ಕೆನ್ನೆ ಕೆಂಪು. ಮೂಗಿನ ಮೇಲೂ ಕೆಂಪು.

ನಾನು ಕಿರುಚಲಿಲ್ಲ. ವರ್ಷಗಟ್ಟಲೆ ಕಾದಿದ್ದು ಬಂದೇ ಬಂತಲ್ಲ ಎಂದುಕೊಂಡೆ. ಕಪಾಟಿನಿಂದ ಬ್ಯಾಗು ತೆಗೆದು ಅವಳ ಬಟ್ಟೆ ತುಂಬತೊಡಗಿದೆ. ಜಗದೀಶ್ ಜೀಪು ತರಲು ಓಡಿದರು. ಅವಳು ಏನೋ ಹೇಳಲು ಬಾಯಿ ತೆರೆದಳು. ಸುಮ್ಮನಿರು, ಮಾತಾಡಿ ಸುಸ್ತು ಮಾಡಿಕೊಳ್ಳಬೇಡ ಎಂದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮೊಮ್ಮಗಳ ಹತ್ತಿರ ಬಂದು ಬಗ್ಗಿ ನೋಡಿದರು. ಕಣ್ಣಿನ ರೆಪ್ಪೆ ನೋಡಿದರು, ಕಿವಿಯ ಹಿಂದೆ ನೋಡಿದರು. ಎಷ್ಟೋ ವರ್ಷಗಳ ಮೇಲೆ ಆ ಶಬ್ದ ಅವರ ಬಾಯಿಂದ ಬಂತು, ಅದೂ ತೀರ ಸಣ್ಣ ದನಿಯಲ್ಲಿ.

‘ಸರೋಜ, ಇದು ಚೇರು ಇದ್ದಂಗದೆ.’

‘ಅವತ್ತೂ ನೀವು ಇದನ್ನೇ ಹೇಳಿದ್ರಿ’ ಎಂದೆ.

ಅತ್ತೆ ಚೈತ್ರಳ ಟೋಪಿಯನ್ನು ಜೀಪಿನ ಕಿಟಕಿಯಿಂದ ಒಳಗೆ ಕೊಟ್ಟು ಹಿಂದೆ ಸರಿದು ನಿಂತರು.

ಘಾಟಿ ಇಳಿಯುವಾಗ ಅವಳನ್ನು ಮಡಿಲಿಗೆ ಒರಗಿಸಿಕೊಂಡು ಹೊರನಾಡಿನ ಅಮ್ಮನಿಗೆ ಹರಕೆ ಹೊತ್ತೆ. ಕಾಯಿಲೆ ವಾಸಿಯಾಗಲಿ ಎಂದಲ್ಲ. ಅವಳದ್ದನ್ನೂ ನನಗೇ ಕೊಟ್ಟುಬಿಡು, ನನಗೆ ಅಭ್ಯಾಸವಿದೆ ಎಂದು. ಅದೇ ಕಾಯುವ ಕೋಣೆ, ಅದೇ ಹಸಿರು ಬೆಂಚು. ಇಷ್ಟು ವರ್ಷ ನಾನು ಅಲ್ಲಿ ರೋಗಿಯಾಗಿ ಕೂತಿದ್ದೆ, ತಾಯಿಯಾಗಿ ಕೂತಿರಲಿಲ್ಲ. ರೋಗಿಯಾಗಿ ಕೂರುವುದು ಎಷ್ಟೋ ಸುಲಭ. ಜಗದೀಶ್ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ ನಿಂತಿದ್ದರು.

ಮೇಡಂ ಚೈತ್ರಳ ಮುಖ ನೋಡಿದರು. ರೆಪ್ಪೆ ಎತ್ತಿದರು. ಕಿವಿಯ ಹಿಂದೆ ನೋಡಿದರು. ಅಷ್ಟು ಹೊತ್ತೂ ನನ್ನತ್ತ ತಿರುಗದೆ ಅವಳನ್ನೇ ಕೇಳಿದರು. ತುರಿಸುತ್ತದೆಯಾ? ಅವಳು ತುಂಬ ಎಂದಳು. ನಾನು ಅದನ್ನು ಕೇಳಿಯೇ ಇರಲಿಲ್ಲ. ನನ್ನ ಕೆನ್ನೆ ಉರಿಯುತ್ತಿತ್ತೇ ಹೊರತು ಹಾಗೆ ತುರಿಸುತ್ತಿರಲಿಲ್ಲ.

‘ಅಂಗೈ ತೋರಿಸು ಮಗಾ’ ಎಂದರು ಮೇಡಂ. ಬೆರಳ ಸಂದಿಯಲ್ಲಿ ಸಣ್ಣ ನೀರುಬೊಬ್ಬೆಗಳು, ಅಂಗೈಯಲ್ಲಿ ಕಪ್ಪು ಕಲೆ. ‘ಎಂತ ಹಿಡ್ಕೊಂಡಿದ್ದೆ? ಯಾರೂ ಬೈಯುವುದಿಲ್ಲ, ಹೇಳು.’

ಚೈತ್ರ ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು. ‘ಕೌಳಿ ಹಣ್ಣಿಗೆ ಹೋಗಿದ್ದೆ, ಅಮ್ಮಂಗೆ ಹೇಳಿರ್ಲಿಲ್ಲ. ಟೋಪಿ ಮನೇಲೇ ಬಿಟ್ಟಿದ್ದೆ. ಅಮ್ಮ ಮುಖಕ್ಕೆ ಬಿಸಿಲು ಬೀಳ್ಬಾರ್ದು ಅಂತಾಳಲ್ಲ, ಅದಕ್ಕೆ ಒಂದು ಎಲೆಕೊಂಬೆ ಮುರಿದು ಮುಖದ ಮೇಲೆ ಅಡ್ಡ ಹಿಡ್ಕೊಂಡು ಬಂದೆ.’

ಯಾವ ಮರದ್ದು ಎಂದು ಜಗದೀಶ್ ಕೇಳಿದರು. ಗೊತ್ತಿಲ್ಲ, ಮಾವಿನೆಲೆಗಿಂತ ದೊಡ್ಡದು, ಮುರಿದಲ್ಲಿ ಹಾಲು ಬಂತು, ಆಮೇಲೆ ಅದು ಕಪ್ಪಾಯಿತು ಎಂದಳು. ನಮ್ಮ ಕಡೆ ನಡೆಯಲು ಕಲಿತ ಮಗುವಿಗೆ ಮೊದಲು ತೋರಿಸುವ ಮರ ಚೇರು. ತೋರಿಸಬೇಕಾದ ಅಜ್ಜಿ ಆ ಹೆಸರನ್ನೇ ಬಿಟ್ಟಿದ್ದರು. ಕಾಡಿಗೆ ಕಳಿಸಬೇಕಾದ ತಾಯಿ ಕಳಿಸಿರಲಿಲ್ಲ. ಇಬ್ಬರು ಹೆಂಗಸರು ಅವಳನ್ನು ಕಾಯುತ್ತ ಕಾಯುತ್ತ ಚೇರಿನ ಕೊಂಬೆಯನ್ನು ಅವಳ ಕೈಗೆ ಕೊಟ್ಟಿದ್ದೆವು.

ನನ್ನ ಸಮಾಧಾನಕ್ಕೆ ಮೇಡಂ ರಕ್ತ ಪರೀಕ್ಷೆಗೂ ಬರೆದರು; ಅದೂ ಆಮೇಲೆ ಸರಿಯಾಗೇ ಬಂತು. ಇದು ಲೂಪಸ್ ಅಲ್ಲ ಎಂದು ಇವತ್ತು ಖಂಡಿತ ಹೇಳುತ್ತೇನೆ, ನಾಳೆಯದ್ದನ್ನು ನಾನೂ ಹೇಳಲಾರೆ, ಗಿರಿಜಾಳ ಬಲೆಯೂ ಇನ್ನೂ ಹೇಳಲಾರದು ಎಂದರು. ಇವತ್ತಿನದು ಸಾಕು ಎಂದೆ. ಅಳು ಬಂತು, ಅತ್ತುಬಿಟ್ಟೆ. ಜಗದೀಶ್ ನನಗೆ ಕರವಸ್ತ್ರ ಕೊಡಲು ತೆಗೆದು ತಾವೇ ಮುಖ ಒರೆಸಿಕೊಂಡರು.

ಹಿಂದಿರುಗುವಾಗ ಘಾಟಿಯ ನಡುವೆ ಚೈತ್ರ, ಅಮ್ಮ, ಒಂದು ಮಾತು ಹೇಳಲಾ ಎಂದಳು.

‘ನೀನು ದಿನಾ ಬೆಳಿಗ್ಗೆ ನನ್ನ ಕೆನ್ನೆ ನೋಡೋದು ನಂಗೆ ಗೊತ್ತು. ಕೆನ್ನೆ ಮಾತ್ರ ನೋಡ್ತೀಯ. ನನ್ನ ನೋಡಲ್ಲ.’

ನಾನು ನೋಡಿದೆ. ಊದಿದ ರೆಪ್ಪೆಗಳ ನಡುವಿನಿಂದ ಇಣುಕುತ್ತಿದ್ದ ಕಣ್ಣು ನಮ್ಮತ್ತೆಯದ್ದು. ಹುಬ್ಬು ಅವಳಪ್ಪನದ್ದು. ಆ ಗಲ್ಲ ನಮ್ಮ ಮಾವನದ್ದು. ಇಷ್ಟೆಲ್ಲ ಕಡೆಯಿಂದ ಎಳೆ ಬಂದು ಸೇರಿದ ಮಗುವಿನಲ್ಲಿ ನಾನು ನನ್ನ ಒಂದು ಎಳೆಯನ್ನೇ ಹುಡುಕುತ್ತ ಕೂತಿದ್ದೆ. ಗಿರಿಜಾ ಹೇಳಿದ್ದು ನನಗೆ ಅರ್ಥವಾದದ್ದು ಅವತ್ತು, ಚಾರ್ಮಾಡಿಯ ತಿರುವಿನಲ್ಲಿ.

ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಅತ್ತೆ ಜಗಲಿಯ ಕಂಬ ಹಿಡಿದು ನಿಂತಿದ್ದರು, ಬೆಳಗಿನಿಂದ ಅಲ್ಲೇ ಇದ್ದರೋ ಏನೋ. ಚೇರೇ ಅತ್ತೆ, ನೀವು ಹೇಳಿದ್ದೇ ಸರಿ ಎಂದೆ. ಅವರು ಅಲ್ಲೇ ಕೂತು ಮೊಮ್ಮಗಳನ್ನು ತಬ್ಬಿಕೊಂಡರು. ಹಾಗಾದರೆ ಏಳಿ, ಕತ್ತಲಾಗುವುದರೊಳಗೆ ತಾರೆ ಮರಕ್ಕೆ ಹೋಗಿ ಬರೋಣ ಎಂದೆ.

ಅತ್ತೆ ತಲೆ ಅಲ್ಲಾಡಿಸಿದರು. ಡಾಕ್ಟರು ಮುಲಾಮು ಕೊಟ್ಟಿದ್ದಾರಲ್ಲ, ಅದೇ ಸಾಕು ಎಂದರು. ‘ನಂಗೆ ಆ ಮರದ ಮಕ ನೋಡಕ್ಕೆ ಮನಸಿಲ್ಲ. ನಿನ್ನ ವಿಷಯದಲ್ಲಿ ನಂಗೆ ಮೋಸ ಮಾಡ್ತು. ಅದನ್ನ ನಂಬ್ಕೊಂಡು ನಿನ್ನ ಕಳ್ಕೊಳಾದ್ರಲ್ಲಿದ್ದೆ.’

ನಾನು ಅವರ ಪಕ್ಕ ಕೂತೆ. ಇಷ್ಟು ವರ್ಷ ಹೇಳದೆ ಇಟ್ಟುಕೊಂಡದ್ದನ್ನು ಹೇಳಿದೆ.

‘ಪಾಪ, ಮರದ್ದೇನು ತಪ್ಪು ಅತ್ತೆ? ಅದಕ್ಕೆ ಗೊತ್ತಿರೋದು ಚೇರು ಒಂದೇ. ನಾವು ಬೇರೆ ಕಾಯಿಲೆ ತಗೊಂಡು ಹೋಗಿ ಅದರ ಮುಂದೆ ನಿಂತ್ವಿ. ನಿಮ್ಮ ತಪ್ಪೂ ಅಲ್ಲ, ನನ್ನ ರಕ್ತದ ತಪ್ಪೂ ಅಲ್ಲ. ಕಳ್ಳ ಒಬ್ಬನೇ ಇಲ್ವಂತೆ. ಓದಿದವ್ರು ಹೇಳಿದಾರೆ.’

ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಎದ್ದರು. ನನ್ನ ನೆರಳಿನ ದಾರಿಯಲ್ಲಿ ಮೂವರೂ ಇಳಿದೆವು. ಅತ್ತೆ ಮುಂದೆ, ಚೈತ್ರ ನಡುವೆ, ಹಿಂದೆ ನಾನು. ಕಣ ದಾಟಿ ಹಳ್ಳದ ದಂಡೆಗೆ ಬಂದಾಗ ಅತ್ತೆಯ ನಡಿಗೆ ನಿಧಾನವಾಯಿತು, ಬಹಳ ಕಾಲ ಮಾತು ಬಿಟ್ಟಿದ್ದ ನೆಂಟರ ಅಂಗಳಕ್ಕೆ ಬಂದವರ ಹಾಗೆ. ಮೂರು ಸುತ್ತು ಬಂದೆವು. ಚೈತ್ರ ಕಾಂಡವನ್ನು ತಬ್ಬಿದಳು. ಅವಳ ಮೇಲೆ ನಾನು ತಬ್ಬಿದೆ.

ಅತ್ತೆ ಮರಕ್ಕೆ ಅಂಗೈ ಊರಿ ನಿಂತರು.

‘ಇವಳ ಅಮ್ಮನ್ನ ಒಂದು ಸಲ ನಿನ್ನ ಹತ್ರ ತಂದಿದ್ದೆ’ ಎಂದರು. ‘ಅದು ನಿಂದಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ. ಬೇಜಾರು ಮಾಡ್ಕೋಬೇಡ. ಇದು ನಿಂದು. ನೋಡ್ಕೋ.’

ಆಮೇಲೆ ಮೂವರೂ ಹಿಂದಿರುಗಿ ನೋಡದೆ ಮನೆಗೆ ಬಂದೆವು.